ಮೊದಲ ಗಿರಾಕಿಯ ಬೆಲೆ

ಹೊಸ ವಸ್ತುವೊಂದು ಪೇಟೆಗೆ ಬಂದ ದಿನವೇ ಅದನ್ನು ಕೊಳ್ಳುವವನು ಉಳಿದವರಿಗಿಂತ ಹೆಚ್ಚು ತೆರಬೇಕೆ, ಕಡಿಮೆ ತೆರಬೇಕೆ ಎಂಬ ಪ್ರಶ್ನೆಗೆ ಬೆಳಗಾವಿ ಸೀಮೆಯ ಅಂಗಡಿಕಾರರಲ್ಲಿ ರೂಢಿಯ ಉತ್ತರವೊಂದಿದೆ. ಖಡೇಬಜಾರಿನಲ್ಲಾಗಲಿ ಖಾನಾಪುರದ ಸಂತೆಯಲ್ಲಾಗಲಿ ದಿನದ ಮೊದಲ ವ್ಯಾಪಾರವನ್ನು ಕನ್ನಡ ಮಾತಾಡುವವರು ಬೋಣಿಗೆ ಎನ್ನುತ್ತಾರೆ, ಮರಾಠಿ ಮಾತಾಡುವವರು ಭವಾನಿ ಎನ್ನುತ್ತಾರೆ. ಬೋಣಿಗೆಯ ಗಿರಾಕಿಯನ್ನು ಬರಿಗೈಲಿ ಕಳಿಸುವುದಿಲ್ಲ. ಅವನು ಚೌಕಾಸಿಗಿಳಿದರೆ ನಾಲ್ಕು ಕಾಸು ಬಿಡುತ್ತಾರೆ, ಇಲ್ಲವೆ ತೂಕದ ಮೇಲೆ ಒಂದಿಷ್ಟು ಕೊಸರು ಹಾಕುತ್ತಾರೆ. ಬಂದ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಸೇರಿಸುತ್ತಾರೆ. ಮೊದಲು ಬಂದವನಿಂದ ಉಳಿದ ದಿನ ನಡೆಯುತ್ತದೆ, ಹಾಗಾಗಿ ಅವನಿಗೆ ಏನೋ ಸಲ್ಲಬೇಕು ಎಂಬ ಭಾವನೆ ಇದರ ಹಿಂದಿದೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳ ವ್ಯಾಪಾರ ಇದಕ್ಕೆ ಬಹುಪಾಲು ಉಲ್ಟಾ. ಅಲ್ಲಿ ಮೊದಲ ದಿನದ ಗಿರಾಕಿ ಹೆಚ್ಚಿನ ಬೆಲೆ ತೆತ್ತು ಕಡಿಮೆ ಗೇಮ್‌ಗಳನ್ನು ಪಡೆಯುತ್ತಾನೆ. ಇದು ಅನ್ಯಾಯವೋ, ಅವನ ಆತುರಕ್ಕೆ ತಕ್ಕ ಬೆಲೆಯೋ ಎಂಬುದು ಮೇಲ್ನೋಟಕ್ಕೆ ಲೆಕ್ಕದ ಪ್ರಶ್ನೆ, ಬುಡದಲ್ಲಿ ಧರ್ಮದ ಪ್ರಶ್ನೆ.

ಕನ್ಸೋಲ್ ಒಂಟಿಯಾಗಿ ಯಾವ ಉಪಯೋಗಕ್ಕೂ ಬಾರದ ವಸ್ತು. ಅದರ ಮೇಲೆ ಆಡಲು ಗೇಮ್ ಬೇಕು, ಗೇಮ್ ಬರೆಯುವ ಕಂಪನಿಗಳು ಬರಬೇಕಾದರೆ ಕನ್ಸೋಲ್ ಹಿಡಿದ ಜನ ಮೊದಲೇ ಇರಬೇಕು. ಈ ಬಿಕ್ಕಟ್ಟನ್ನು ಬಿಡಿಸುವ ಎರಡು ಹಿಡಿಕೆಗಳೆಂದರೆ ಬಿಡುಗಡೆಯ ಬೆಲೆ ಮತ್ತು ಬಿಡುಗಡೆಯ ದಿನ ಸಿಗುವ ಗೇಮ್‌ಗಳ ಸಾಲು. ತಯಾರಕರು ಎಷ್ಟೋ ಸಲ ಯಂತ್ರವನ್ನು ಅಸಲಿಗೆ ಹತ್ತಿರ, ಕೆಲವೊಮ್ಮೆ ಅಸಲಿಗಿಂತ ಕೆಳಗೆ ಮಾರುತ್ತಾರೆ. ಆ ಕೊರತೆಯನ್ನು ಗೇಮ್‌ಗಳ ಮಾರಾಟದಲ್ಲಿ, ಬೇರೆ ಕಂಪನಿಗಳ ಗೇಮ್‌ಗಳಿಂದ ಬರುವ ಪಾಲಿನಲ್ಲಿ ತುಂಬಿಕೊಳ್ಳುತ್ತಾರೆ. 1989ರಲ್ಲಿ ನಿಂಟೆಂಡೊ ತನ್ನ ಗೇಮ್ ಬಾಯ್ ಅನ್ನು ಅಮೆರಿಕದಲ್ಲಿ ಸುಮಾರು 90 ಡಾಲರಿಗೆ ಬಿಟ್ಟಿತು. ಪರದೆಗೆ ಬಣ್ಣವಿರಲಿಲ್ಲ, ಆದರೆ ಪೆಟ್ಟಿಗೆಯೊಳಗೇ ಟೆಟ್ರಿಸ್ ಇತ್ತು. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣದ ಪರದೆಯಿತ್ತು, ಬೆಲೆ ಸುಮಾರು ಎರಡು ಪಟ್ಟು. ಗೆದ್ದದ್ದು ಗೇಮ್ ಬಾಯ್: ಅದರ ಬಣ್ಣದ ಆವೃತ್ತಿಯನ್ನೂ ಸೇರಿಸಿದರೆ ಜಗತ್ತಿನಲ್ಲಿ ಮಾರಾಟವಾದದ್ದು 11 ಕೋಟಿಗೂ ಹೆಚ್ಚು. ಮೊದಲ ದಿನ ಕೊಂಡವನಿಗೆ ಮೊದಲ ದಿನವೇ ಪೂರ್ತಿ ಸುಖ ಸಿಕ್ಕ ಅಪರೂಪದ ಉದಾಹರಣೆ ಇದು. ಹೀಗಾದಲ್ಲಿ ನೀತಿಯ ಪ್ರಶ್ನೆ ಏಳುವುದೇ ಇಲ್ಲ.

ಪ್ರಶ್ನೆ ಎದ್ದದ್ದು 2011ರಲ್ಲಿ. ಅದೇ ನಿಂಟೆಂಡೊ ಫೆಬ್ರವರಿ 26ರಂದು ಜಪಾನಿನಲ್ಲಿ 25,000 ಯೆನ್‌ಗೆ, ಮಾರ್ಚ್ 27ರಂದು ಅಮೆರಿಕದಲ್ಲಿ 249.99 ಡಾಲರಿಗೆ 3ಡಿಎಸ್ ಎಂಬ ಹ್ಯಾಂಡ್‌ಹೆಲ್ಡ್ ಬಿಡುಗಡೆ ಮಾಡಿತು. ಕನ್ನಡಕವಿಲ್ಲದೆ ಮೂರು ಆಯಾಮದ ಚಿತ್ರ ತೋರಿಸುವ ಪರದೆ ಅದರ ಹೆಗ್ಗಳಿಕೆ. ಆದರೆ ಜನ ಯಾರಿಗಾಗಿ ನಿಂಟೆಂಡೊ ಕೊಳ್ಳುತ್ತಾರೋ ಆ ಮಾರಿಯೋ ಮೊದಲ ಸಾಲಿನಲ್ಲಿ ಇರಲೇ ಇಲ್ಲ. ಜೆಲ್ಡಾ ಸರಣಿಯ ಹಳೆಯ ಗೇಮಿನ ಹೊಸ ರೂಪ ಬಂದದ್ದು ಜೂನ್‌ನಲ್ಲಿ, ಸೂಪರ್ ಮಾರಿಯೋ 3ಡಿ ಲ್ಯಾಂಡ್ ನವೆಂಬರಿನಲ್ಲಿ, ಮಾರಿಯೋ ಕಾರ್ಟ್ 7 ಡಿಸೆಂಬರಿನಲ್ಲಿ. ಮಾರ್ಚ್ ಕೊನೆಯ ಹೊತ್ತಿಗೆ 36 ಲಕ್ಷ ಯಂತ್ರಗಳು ಹೋಗಿದ್ದವು. ಮುಂದಿನ ಮೂರು ತಿಂಗಳಲ್ಲಿ ಇಡೀ ಜಗತ್ತಿನಲ್ಲಿ ಹೋದದ್ದು ಬರೀ 7 ಲಕ್ಷ ಚಿಲ್ಲರೆ. ಜುಲೈ 28ರಂದು ಕಂಪನಿ ಬೆಲೆ ಇಳಿಕೆ ಸಾರಿತು. ಆಗಸ್ಟ್ ಎರಡನೆಯ ವಾರದಿಂದ ಜಪಾನಿನಲ್ಲಿ 15,000 ಯೆನ್, ಅಮೆರಿಕದಲ್ಲಿ 169.99 ಡಾಲರ್. ಐದೇ ತಿಂಗಳಲ್ಲಿ ತಾಯ್ನಾಡಿನ ಬೆಲೆ ನೂರಕ್ಕೆ ನಲವತ್ತು ಬಿದ್ದಿತ್ತು.

ಆಗ ಅಧ್ಯಕ್ಷರಾಗಿದ್ದ ಸತೋರು ಇವಾಟ ಮೊದಲು ಕೊಂಡವರ ಕ್ಷಮೆ ಕೇಳಿದರು, ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಬೆಲೆ ಇಳಿಯುವ ಮೊದಲು ಕೊಂಡು ಕಂಪನಿಯ ಆನ್‌ಲೈನ್ ಅಂಗಡಿಗೆ ಒಮ್ಮೆ ಸಂಪರ್ಕ ಸಾಧಿಸಿದವರನ್ನೆಲ್ಲ ‘ರಾಯಭಾರಿ’ಗಳೆಂದು ಕರೆದು 20 ಹಳೆಯ ಗೇಮ್‌ಗಳನ್ನು ಪುಕ್ಕಟೆ ಕೊಟ್ಟರು. ಅವುಗಳಲ್ಲಿ 10 ಗೇಮ್ ಬಾಯ್ ಅಡ್ವಾನ್ಸ್ ಗೇಮ್‌ಗಳನ್ನು ಆ ಯಂತ್ರಕ್ಕಾಗಿ ಬೇರೆ ಯಾರಿಗೂ ಮುಂದೆ ಮಾರಲೇ ಇಲ್ಲ. ಯಂತ್ರ ಕೊನೆಗೆ ಗೆದ್ದಿತು, ಒಟ್ಟು 7 ಕೋಟಿ 59 ಲಕ್ಷ ಮಾರಾಟವಾಯಿತು. ಆದರೆ ಮಾರ್ಚ್ 2012ಕ್ಕೆ ಕೊನೆಗೊಂಡ ಆರ್ಥಿಕ ವರ್ಷದಲ್ಲಿ ಕಂಪನಿ 43 ಶತಕೋಟಿ ಯೆನ್‌ಗೂ ಹೆಚ್ಚು ನಷ್ಟ ತೋರಿಸಿತು. ಇಡೀ ಪ್ರಕರಣ ನೀತಿಶಾಸ್ತ್ರದ ಪಾಠಕ್ಕೆಂದೇ ಯಾರೋ ಹೊಸೆದಂತಿದೆ: ಹೆಚ್ಚಿನ ಬೆಲೆ, ತಡವಾಗಿ ಬಂದ ಮಾಲು, ಇಳಿಕೆ, ಕ್ಷಮೆ, ಪರಿಹಾರ, ಎಲ್ಲವೂ ಒಂದೇ ವರ್ಷದಲ್ಲಿ.

ಮೊದಲು ಬೆಲೆಯನ್ನೇ ನೋಡಬೇಕು. ವಸ್ತುವಿಗೆ ತನ್ನದೇ ಆದ ನ್ಯಾಯದ ಬೆಲೆ ಇದೆಯೇ? ಕೌಟಿಲ್ಯನ ಅರ್ಥಶಾಸ್ತ್ರ ಇದೆ ಎಂದೇ ಹಿಡಿಯುತ್ತದೆ. ಸ್ವದೇಶಿ ಮಾಲಿಗೆ ನೂರಕ್ಕೆ ಐದು, ಪರದೇಶದ ಮಾಲಿಗೆ ನೂರಕ್ಕೆ ಹತ್ತು ಲಾಭವನ್ನು ಅದು ಗೊತ್ತುಮಾಡುತ್ತದೆ. ಪ್ರಜೆಗಳಿಗೆ ಕೇಡು ತರುವ ಲಾಭ ಎಷ್ಟೇ ದೊಡ್ಡದಾದರೂ ಬೇಡವೆನ್ನುತ್ತದೆ. ಇದು ರಾಜನ ನೀತಿ. ವ್ಯಾಪಾರಿಯ ನೀತಿಯನ್ನು ಮಹಾಭಾರತದ ಶಾಂತಿಪರ್ವ ತುಲಾಧಾರನ ಬಾಯಿಂದ ಹೇಳಿಸುತ್ತದೆ. ಜಡೆಯಲ್ಲಿ ಹಕ್ಕಿ ಗೂಡು ಕಟ್ಟುವಷ್ಟು ಕದಲದೆ ನಿಂತು ತಪಸ್ಸು ಮಾಡಿದ ಜಾಜಲಿಗೆ ವಾರಾಣಸಿಯ ಕಿರಾಣಿ ವ್ಯಾಪಾರಿಯೊಬ್ಬ ಧರ್ಮದಲ್ಲಿ ನಿನಗಿಂತ ಮೇಲು ಎಂಬ ಮಾತು ಕೇಳಿಬರುತ್ತದೆ. ಹೋಗಿ ನೋಡಿದರೆ ಆ ವ್ಯಾಪಾರಿಯ ಸಾಧನೆ ಇಷ್ಟೇ: ಮಾಲಿನಲ್ಲಿ ಮೋಸವಿಲ್ಲ, ತಕ್ಕಡಿ ಎಲ್ಲರಿಗೂ ಸಮ. ತುಲಾಧಾರನ ತಕ್ಕಡಿಗೆ ಇಂದಿನವನು, ನಾಳಿನವನು ಎಂಬ ಭೇದವಿಲ್ಲ. ಅದನ್ನು ಅಕ್ಷರಶಃ ಹಿಡಿದರೆ ಮಾರ್ಚ್‌ನಲ್ಲಿ 250 ಡಾಲರ್, ಆಗಸ್ಟ್‌ನಲ್ಲಿ 170 ಡಾಲರ್ ಎಂಬ ವ್ಯಾಪಾರ ಅಧರ್ಮವೇ ಆಗುತ್ತದೆ. ಆದರೆ ಹಾಗೆ ಹಿಡಿದರೆ ಮಾವಿನ ಹಣ್ಣಿನ ವ್ಯಾಪಾರವೂ ಉಳಿಯದು. ತಕ್ಕಡಿಯ ಸಮತೆ ಒಂದೇ ಹೊತ್ತಿನಲ್ಲಿ ಮುಂದೆ ನಿಂತ ಗಿರಾಕಿಗಳ ನಡುವಿನದು. ಕಾಲದಿಂದ ಕಾಲಕ್ಕೆ ಬೆಲೆ ಏರಿಳಿಯುವುದನ್ನು ಅದು ತಡೆಯುವುದಿಲ್ಲ ಎಂದು ಓದುವುದೇ ಸರಿ.

ಶರಣರ ನಿಲುವು ಇದಕ್ಕಿಂತ ಬಿಗಿ. ನುಲಿಯ ಚಂದಯ್ಯನ ಕಥೆಯಲ್ಲಿ ಅವನ ಕೈಜಾರಿ ಬಿದ್ದ ಲಿಂಗವೇ ಅವನೊಡನೆ ಕಾಯಕಕ್ಕಿಳಿದು ಹಗ್ಗ ಮಾರಿ ಬರುತ್ತದೆ, ಹಗ್ಗದ ಬೆಲೆಗಿಂತ ಎಷ್ಟೋ ಮಿಗಿಲಾದ ಹೊನ್ನು ತರುತ್ತದೆ. ಚಂದಯ್ಯ ಒಪ್ಪುವುದಿಲ್ಲ. ಕೊಟ್ಟವರು ಮನಸಾರೆ ಕೊಟ್ಟಿದ್ದಾರೆ, ಮೋಸ ನಡೆದಿಲ್ಲ, ಆದರೂ ಹುಲ್ಲು ಕೊಯ್ದು ಹೊಸೆದ ದುಡಿಮೆಗೆ ಸಲ್ಲುವಷ್ಟೇ ತನ್ನದು, ಮೇಲಿನದು ಕಾಯಕವನ್ನು ಕೆಡಿಸುತ್ತದೆ ಎಂಬುದು ಅವನ ನಿಲುವು. ಖಾನಾಪುರ ತಾಲೂಕಿಗೆ ಈ ಪರಂಪರೆ ಪುಸ್ತಕದ ಮಾತಲ್ಲ. ಕಲ್ಯಾಣದ ಕ್ರಾಂತಿಯ ನಂತರ ಉಳವಿಯ ಕಡೆಗೆ ಹೊರಟ ಶರಣರ ದಾರಿ ಈ ಸೀಮೆಯಲ್ಲೇ ಹಾದುಹೋಯಿತು; ತೊಗಲು ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯ ಕೊನೆಯುಸಿರೆಳೆದದ್ದು ಇಲ್ಲಿನ ಕಕ್ಕೇರಿಯಲ್ಲಿ ಎಂದು ಜನ ನಂಬುತ್ತಾರೆ, ಅಲ್ಲಿ ಅವನ ಸ್ಮಾರಕವೂ ಇದೆ. ಚಂದಯ್ಯನ ಅಳತೆಗೋಲು ಹಿಡಿದು 3ಡಿಎಸ್ ಅನ್ನು ಅಳೆದರೆ ಕಂಪನಿ ಸೋಲುತ್ತದೆ. ಕನ್ನಡಕವಿಲ್ಲದ 3ಡಿ ಪರದೆಗೆ ಪ್ರದರ್ಶನದಲ್ಲಿ ಸಿಕ್ಕ ಮೆಚ್ಚುಗೆ ಕಂಡು ಹೆಚ್ಚು ಬೆಲೆ ಕಟ್ಟಿದ್ದು ದುಡಿಮೆಯ ಲೆಕ್ಕ ಆಗಿರಲಿಲ್ಲ, ಗಿರಾಕಿಯ ಕಣ್ಣಿನ ಹೊಳಪಿನ ಲೆಕ್ಕವಾಗಿತ್ತು. ಹಾಗೆಂದು ಈ ಅಳತೆಗೋಲನ್ನು ಎಲ್ಲ ಕಡೆಗೂ ಒಯ್ಯಲಾಗದು. ಹಗ್ಗಕ್ಕೆ ಹಿಡಿದ ಶ್ರಮವನ್ನು ಸಂಜೆಗೆ ಎಣಿಸಿ ಹೇಳಬಹುದು; ವರ್ಷಗಟ್ಟಲೆ ಸಂಶೋಧನೆ ನಡೆದ ಯಂತ್ರದ ಖರ್ಚನ್ನು ಎಷ್ಟು ಗಿರಾಕಿಗಳ ಮೇಲೆ ಹಂಚಬೇಕೆಂಬುದು ಎಷ್ಟು ಜನ ಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ, ಅದು ಮೊದಲ ದಿನ ಯಾರಿಗೂ ಗೊತ್ತಿರುವುದಿಲ್ಲ. ಬಿಡುಗಡೆಯ ಬೆಲೆಯಲ್ಲಿ ಊಹೆಯ ಪಾಲು ಇದ್ದೇ ಇರುತ್ತದೆ. ಊಹೆ ತಪ್ಪಿದ್ದು ಪಾಪವಲ್ಲ.

ಜೈನರ ವಿಚಾರ ಬೇರೆ ದಿಕ್ಕಿನಿಂದ ಬರುತ್ತದೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಆ ಕಾಲದ ಶಾಸನದಲ್ಲಿ ವ್ಯಾಪಾರಿ ಸಂಘಗಳು ಪೇಟೆಗೆ ಬರುವ ಮಾಲಿನ ಮೇಲೆ ಬಸದಿಗೆ ಇಷ್ಟಿಷ್ಟು ಸಲ್ಲಬೇಕೆಂದು ಒಪ್ಪಿಕೊಂಡ ದಾಖಲೆಯಿದೆ. ಅಂದರೆ ಆಗ ವೇಣುಗ್ರಾಮ ಎನಿಸಿದ್ದ ಈ ಊರಿನಲ್ಲಿ ವ್ಯಾಪಾರ ಮತ್ತು ವ್ರತ ಒಂದೇ ಬೀದಿಯಲ್ಲಿದ್ದವು, ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಶ್ರಾವಕನ, ಅಂದರೆ ಗೃಹಸ್ಥ ಜೈನನ, ಅಚೌರ್ಯ (ಕಳವು ಮಾಡದಿರುವ) ವ್ರತಕ್ಕೆ ಬರುವ ದೋಷಗಳನ್ನು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೆಸರಿಸಿ ಹೇಳುತ್ತದೆ: ಕಳ್ಳರಿಗೆ ಪ್ರೇರಣೆ ಕೊಡುವುದು, ಕಳವಿನ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು, ಹೆಚ್ಚು ಕಡಿಮೆ ಅಳತೆ ತೂಕ, ಅಸಲಿನ ಹೆಸರಲ್ಲಿ ನಕಲಿ. ಈ ಪಟ್ಟಿಯಲ್ಲಿ ಬೆಲೆಯ ಮಾತೇ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಹೆಚ್ಚು ಬೆಲೆ ಹೇಳುವುದು ಲೋಭದ ಲೆಕ್ಕಕ್ಕೆ ಹೋಗುತ್ತದೆ, ಪರಿಗ್ರಹದ ಮಿತಿಯಲ್ಲಿ ಅದರ ವಿಚಾರಣೆ. ಆದರೆ ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ ಅದು ಕಳವು. ಬಿಡುಗಡೆಯ ಬೆಲೆಯ ತಂಟೆ ಬಿಡಿಸಲು ಈ ವಿಭಜನೆಯಷ್ಟು ನೆರವಾಗುವ ಸಾಧನ ಇನ್ನೊಂದಿಲ್ಲ. ಯಂತ್ರ ದುಬಾರಿಯೇ ಎಂದು ಕೇಳುವುದಕ್ಕಿಂತ, ಆ ಬೆಲೆಗೆ ಏನು ಸಿಗುತ್ತದೆಂದು ಹೇಳಲಾಯಿತು, ಏನು ಸಿಕ್ಕಿತು, ಏನನ್ನು ಹೇಳದೆ ಬಿಡಲಾಯಿತು ಎಂದು ಕೇಳಬೇಕು.

ಹೇಳದೆ ಬಿಡುವುದರ ಬಗ್ಗೆ ಎರಡು ಸಾವಿರ ವರ್ಷಗಳ ಹಿಂದಿನ ವಾದವೊಂದಿದೆ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಅದನ್ನು ದಾಖಲಿಸಿದ್ದಾನೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಅಲೆಕ್ಸಾಂಡ್ರಿಯಾದಿಂದ ವ್ಯಾಪಾರಿಯೊಬ್ಬ ಹಡಗಿನ ತುಂಬ ಕಾಳು ತರುತ್ತಾನೆ. ಹಿಂದೆಯೇ ಇನ್ನೂ ಹಲವು ಹಡಗು ಬರುತ್ತಿರುವುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಿದರೆ ಬೆಲೆ ಬೀಳುತ್ತದೆ. ಬ್ಯಾಬಿಲೋನಿನ ತತ್ತ್ವಜ್ಞಾನಿ ಡಯೋಜಿನೀಸ್, ಮಾಲಿನ ದೋಷ ಮುಚ್ಚಿಟ್ಟಿಲ್ಲವಾದರೆ ಸಾಕು, ಪೇಟೆಯ ಸುದ್ದಿ ಸಾರುವುದು ವ್ಯಾಪಾರಿಯ ಕೆಲಸವಲ್ಲ ಎನ್ನುತ್ತಾನೆ. ಅವನ ಶಿಷ್ಯ ಆಂಟಿಪೇಟರ್, ಕೊಳ್ಳುವವನಿಗೆ ತಿಳಿದರೆ ಉಪಕಾರವಾಗುವ ಯಾವುದನ್ನೂ ಬಚ್ಚಿಡಬಾರದು ಎನ್ನುತ್ತಾನೆ. ಸಿಸೆರೊ ಶಿಷ್ಯನ ಪಕ್ಷ. ಹದಿಮೂರನೆಯ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ನಡುದಾರಿ ಹಿಡಿದ: ಹೇಳದಿದ್ದರೆ ನ್ಯಾಯಕ್ಕೆ ಕೊರತೆಯಿಲ್ಲ, ಹೇಳಿದರೆ ಸದ್ಗುಣ ಹೆಚ್ಚು. ಹಡಗು ಕಾಣದ ಖಾನಾಪುರ ತಾಲೂಕಿಗೂ ಈ ವಾದ ಹೊಂದುತ್ತದೆ. ನಂದಗಡ ಒಂದು ಕಾಲಕ್ಕೆ ಗೋವೆಯ ಘಟ್ಟದ ದಾರಿಯ ದೊಡ್ಡ ಪೇಟೆ; ಮಳೆಗಾಲದ ಕೊನೆಗೆ ಘಟ್ಟ ಹತ್ತಿ ಬಂದ ಮೊದಲ ಉಪ್ಪಿನ ಹೇರಿನವನು ಹಿಂದೆ ಬರುತ್ತಿರುವ ಎತ್ತುಗಳ ಸಾಲನ್ನು ಹೇಳಬೇಕಿತ್ತೆ ಎಂದು ಕೇಳಿಕೊಂಡರೆ ಸಾಕು.

3ಡಿಎಸ್ ಮಾರಿದವರು ರೋಡ್ಸ್‌ನ ವ್ಯಾಪಾರಿಯಂತಿದ್ದರೇ? ಬಹುಶಃ ಇಲ್ಲ. ಮಾರ್ಚ್‌ನಲ್ಲಿ ಅವರಿಗೇ ಆಗಸ್ಟಿನ ಬೆಲೆ ಗೊತ್ತಿದ್ದಂತೆ ಕಾಣುವುದಿಲ್ಲ, ಗೊತ್ತಿದ್ದರೆ ಆ ವರ್ಷದ ನಷ್ಟವನ್ನು ತಪ್ಪಿಸಿಕೊಳ್ಳುತ್ತಿದ್ದರು. ಬೆಲೆ ಬೀಳುವುದೇ ನಿಯಮ ಎನ್ನಲೂ ಆಗದು. 2017ರ ಮಾರ್ಚ್‌ನಲ್ಲಿ 299.99 ಡಾಲರಿಗೆ ಬಂದ ನಿಂಟೆಂಡೊ ಸ್ವಿಚ್‌ನ ಬೆಲೆ ಅಮೆರಿಕದಲ್ಲಿ ಎಂಟು ವರ್ಷ ಹಾಗೇ ನಿಂತು, 2025ರ ಆಗಸ್ಟಿನಲ್ಲಿ 339.99ಕ್ಕೆ ಏರಿತು. ಅಲ್ಲಿ ಮೊದಲ ದಿನ ಕೊಂಡವನೇ ಗೆದ್ದ, ಬಿಡುಗಡೆಯ ದಿನವೇ ಅವನ ಕೈಗೆ ಜೆಲ್ಡಾ ಸರಣಿಯ ಬ್ರೆತ್ ಆಫ್ ದ ವೈಲ್ಡ್‌ನಂಥ ಗೇಮ್ ಸಿಕ್ಕಿತ್ತು. ಹಾಗಾದರೆ ನಾಳಿನ ಬೆಲೆಯ ಬಗ್ಗೆ ಮೌನವಾಗಿರುವುದನ್ನು ಮಾತ್ರ ಹಿಡಿದು ಕಂಪನಿಯನ್ನು ತಪ್ಪಿತಸ್ಥನೆನ್ನುವುದು ದುಡುಕು. ಡಯೋಜಿನೀಸ್ ಈ ಮಟ್ಟಿಗೆ ಸರಿ. ಇಳಿಕೆಯ ತೀರ್ಮಾನ ಒಳಗೊಳಗೇ ಆಗಿಹೋದ ಮೇಲೆ ಸಾರುವ ದಿನದವರೆಗೆ ಹಳೆಯ ಬೆಲೆಗೆ ಮಾರುತ್ತಲೇ ಇದ್ದರೆ ಆ ಕೆಲವು ವಾರಗಳು ಮಾತ್ರ ಆಂಟಿಪೇಟರನ ಪಾಲಿಗೆ ಬರುತ್ತವೆ.

ಗೇಮ್‌ಗಳ ಸಾಲಿನದು ಹೀಗಲ್ಲ. ಯಂತ್ರದ ಬೆಲೆಯಲ್ಲಿ ಮುಂದೆ ಬರಲಿರುವ ಗೇಮ್‌ಗಳ ಬೆಲೆಯೂ ಅಡಗಿರುತ್ತದೆ. ಕೊಳ್ಳುವವನು ಇಂದು ಹಣ ಕೊಟ್ಟು ನಾಳಿನ ಮಾತನ್ನು ಕೊಳ್ಳುತ್ತಾನೆ. ಬೆಲೆಯ ಬಗ್ಗೆ ಯಾರೂ ಮಾತು ಕೊಟ್ಟಿರುವುದಿಲ್ಲ, ಗೇಮ್‌ಗಳ ಬಗ್ಗೆ ಕೊಟ್ಟಿರುತ್ತಾರೆ: ಜಾಹೀರಾತಿನಲ್ಲಿ, ಪ್ರದರ್ಶನದಲ್ಲಿ, ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ. ಆದ್ದರಿಂದ ಬೆಲೆ ಇಳಿದದ್ದಕ್ಕಿಂತ ಮಾರಿಯೋ ನವೆಂಬರಿನವರೆಗೆ ಬರದೇ ಇದ್ದದ್ದು ನೀತಿಯ ದೃಷ್ಟಿಯಿಂದ ಭಾರವಾದ ಸಂಗತಿ. ತಡವಾಗಿಯಾದರೂ ಬಂತು ಎಂಬುದು ನಿಂಟೆಂಡೊ ಪರವಾಗಿ ಹೇಳಬೇಕಾದ ಮಾತು. ಸೋನಿಯ ಪ್ಲೇಸ್ಟೇಷನ್ ವೀಟಾ ಕೊಂಡವರಿಗೆ ಆ ಸಮಾಧಾನವೂ ಕಡಿಮೆ. 2011ರ ಡಿಸೆಂಬರಿನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಂದ ಆ ಯಂತ್ರಕ್ಕೆ ಮೊದಲ ದಿನದ ಸಾಲು ಚೆನ್ನಾಗಿಯೇ ಇತ್ತು, ಕೆಲವೇ ವರ್ಷಗಳಲ್ಲಿ ಸ್ವತಃ ಸೋನಿಯೇ ಅದಕ್ಕೆ ದೊಡ್ಡ ಗೇಮ್ ಮಾಡುವುದನ್ನು ಕೈಬಿಟ್ಟಿತು. ಜೊತೆಗೆ ಅದಕ್ಕೆ ಬೇಕಾದ ಮೆಮೊರಿ ಕಾರ್ಡ್ ಸೋನಿಯದೇ ಆಗಬೇಕಿತ್ತು, 32 ಜಿಬಿಯದಕ್ಕೆ ಅಮೆರಿಕದಲ್ಲಿ ಮೊದಲಿಗೆ ಸುಮಾರು 100 ಡಾಲರ್. ಯಂತ್ರದ ಬೆಲೆ ದೊಡ್ಡಕ್ಷರದಲ್ಲಿ, ಕಾರ್ಡಿನ ಬೆಲೆ ಬೇರೊಂದು ಪುಟದಲ್ಲಿ. ಸಮ ತಕ್ಕಡಿಯ ಮಾತು ಬಂದಾಗ ಬೆಲೆ ಇಳಿಕೆಗಿಂತ ಈ ಬಗೆಯ ಒಡೆದ ಬೆಲೆಯನ್ನೇ ಮೊದಲು ಪ್ರಶ್ನಿಸಬೇಕು, ಯಾಕೆಂದರೆ ಮಾರುವವನಿಗೆ ಮೊದಲ ದಿನವೇ ಪೂರ್ತಿ ಗೊತ್ತಿರುವ ಸತ್ಯ ಅದು.

ಇನ್ನು ಪರಿಹಾರದ ವಿಚಾರ. ರಾಯಭಾರಿಗಳಿಗೆ ಕೊಟ್ಟ 20 ಗೇಮ್‌ಗಳು ಋಣ ತೀರಿಸಿದ್ದೋ, ಮುಂದಿನ ವ್ಯಾಪಾರಕ್ಕೆ ಹಾಕಿದ ಕೊಸರೋ? ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರ ನೀತಿಗ್ರಂಥದಲ್ಲಿ ಅಂಗಡಿಕಾರನೊಬ್ಬನ ಉದಾಹರಣೆ ಕೊಡುತ್ತಾನೆ. ಅವನು ಅನುಭವವಿಲ್ಲದ ಗಿರಾಕಿಗೂ ಹೆಚ್ಚಿನ ಬೆಲೆ ಹಚ್ಚುವುದಿಲ್ಲ, ಮಗು ಹೋದರೂ ಅದೇ ಬೆಲೆಗೆ ಕೊಳ್ಳಬಹುದು. ಹೆಸರು ಉಳಿಸಿಕೊಳ್ಳುವ ಲಾಭಕ್ಕಾಗಿ ಹಾಗೆ ಮಾಡಿದ್ದರೆ ಕೆಲಸ ಸರಿಯಾದರೂ ಅದಕ್ಕೆ ನೈತಿಕ ಮೌಲ್ಯವಿಲ್ಲ ಎಂಬುದು ಕಾಂಟನ ತೀರ್ಪು. ಆ ತೀರ್ಪಿನಂತೆ ರಾಯಭಾರಿ ಯೋಜನೆ ಚತುರ ವ್ಯಾಪಾರ ಅಷ್ಟೇ. ಕಾಯಕದ ನೆಲೆಯಿಂದ ಈ ಕಟ್ಟುನಿಟ್ಟು ಬೇಕಿಲ್ಲ. ಶರಣರು ದುಡಿಮೆಯನ್ನು ಒಳಗಿನ ಉದ್ದೇಶ, ಹೊರಗಿನ ಫಲ ಎಂದು ಸೀಳಿ ನೋಡಲಿಲ್ಲ. ಬಂದದ್ದರಲ್ಲಿ ಯಾರಿಗೆ ಸಲ್ಲಬೇಕೋ ಅವರಿಗೆ ಸಂದಿತೇ ಎಂದು ನೋಡಿದರು. ಮೊದಲ ಗಿರಾಕಿಗಳಿಗೆ ಸಲ್ಲಬೇಕಾದದ್ದು ಇತ್ತು. ಅವರು ಕೊಂಡಿದ್ದರಿಂದಲೇ ಬೇರೆ ಕಂಪನಿಗಳು ಆ ಯಂತ್ರಕ್ಕೆ ಗೇಮ್ ಬರೆಯಲು ಧೈರ್ಯ ಮಾಡಿದವು, ಅದರ ಫಲವನ್ನು ಕಡಿಮೆ ಬೆಲೆಗೆ ಆಮೇಲೆ ಕೊಂಡ ಕೋಟಿಗಟ್ಟಲೆ ಜನ ಉಂಡರು. ಬೋಣಿಗೆಯ ಗಿರಾಕಿಗೆ ಅಂಗಡಿಕಾರ ಬೆಳಿಗ್ಗೆಯೇ ಕೊಡುವುದನ್ನು ಕಂಪನಿ ಸಂಜೆಗೆ, ಅದೂ ವ್ಯಾಪಾರ ಕುಸಿದ ಮೇಲೆ ಕೊಟ್ಟಿತು. ತಡವಾದರೂ ಕೊಟ್ಟದ್ದು ಸರಿ. ಹಣವನ್ನೇ ಮರಳಿಸಿದ್ದರೆ ಇನ್ನೂ ಸರಿ, ಯಾಕೆಂದರೆ ಕೊಸರಿಗೆ ಬಂದ ಗೇಮ್‌ಗಳನ್ನು ಆರಿಸಿದವನು ಮಾರಿದವನೇ.

ಕೊಳ್ಳುವವನ ಕಡೆಗೂ ಧರ್ಮದ ಬೊಟ್ಟು ತಿರುಗುತ್ತದೆ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ಉತ್ತರ ಕರ್ನಾಟಕದ ಮನೆಮನೆಗೆ ಗೊತ್ತು. ಬೇಕಾದದ್ದಕ್ಕಿಂತ ಮೇಲಿನದು ಆಸೆ ಎಂಬ ಆ ಮಾತಿನೆದುರು ಗೇಮ್ ಕನ್ಸೋಲ್ ನಿಲ್ಲುವುದೇ ಕಷ್ಟ. ಜೈನ ಶ್ರಾವಕಾಚಾರ ಸ್ವಲ್ಪ ಸಡಿಲ: ಒಮ್ಮೆ ಬಳಸಿ ಮುಗಿಯುವ ಭೋಗಕ್ಕೂ ಮತ್ತೆ ಮತ್ತೆ ಬಳಸುವ ಉಪಭೋಗಕ್ಕೂ ಗೃಹಸ್ಥ ಮೊದಲೇ ಮಿತಿ ಹಾಕಿಕೊಳ್ಳಬೇಕು ಎನ್ನುತ್ತದೆ, ತ್ಯಜಿಸಲೇಬೇಕು ಎನ್ನುವುದಿಲ್ಲ. ಇದೇ ಜಿಲ್ಲೆಯ ಭೋಜದ ಆಚಾರ್ಯ ಶಾಂತಿಸಾಗರರಂಥ ದಿಗಂಬರ ಮುನಿಗಳು ಎಲ್ಲವನ್ನೂ ಬಿಟ್ಟವರು, ಶ್ರಾವಕರಿಗೆ ಕೇಳಿದ್ದು ಎಣಿಕೆಯನ್ನು ಮಾತ್ರ. ಮೊದಲ ದಿನದ ಬೆಲೆ ಆತುರದ ಮೇಲಿನ ತೆರಿಗೆ, ತೆರಲಿ ಬಿಡಿ ಎನ್ನುವವರು ಈ ಪರಂಪರೆಗಳ ನೆರವು ಪಡೆಯುವುದುಂಟು. ಅದು ಪೂರ್ತಿ ನ್ಯಾಯವಲ್ಲ. ಆಸೆಯನ್ನು ಕೆರಳಿಸಲೆಂದೇ ವರ್ಷಗಟ್ಟಲೆ ಜಾಹೀರಾತು ಮಾಡಿ, ಆಮೇಲೆ ಆಸೆಪಟ್ಟದ್ದು ನಿನ್ನ ತಪ್ಪು ಎನ್ನುವುದು ಮಾರುವವನ ಬಾಯಲ್ಲಿ ಒಪ್ಪುವ ಮಾತಲ್ಲ. ಲಕ್ಕಮ್ಮ ಆಸೆಯ ಮಾತನ್ನು ಗಂಡನಿಗೆ ಹೇಳಿದಳು, ಗಿರಾಕಿಗಲ್ಲ. ಅದೂ ಅಲ್ಲದೆ ಎಲ್ಲರೂ ಸಂಯಮದಿಂದ ಕಾದರೆ ಯಂತ್ರವೇ ಸತ್ತುಹೋಗುತ್ತದೆ. ಕಾಯುವವನ ವಿವೇಕ ಕಾಯದವನ ಖರ್ಚಿನ ಮೇಲೆ ನಿಂತಿದೆ.

ಬೆಳಗಾವಿಗೆ ಬಂದರೆ ಲೆಕ್ಕ ಇನ್ನೊಂದು ತಿರುವು ಪಡೆಯುತ್ತದೆ. ಕೆಲವು ಹ್ಯಾಂಡ್‌ಹೆಲ್ಡ್‌ಗಳು ಭಾರತಕ್ಕೆ ನೇರವಾಗಿ ಬರುತ್ತವೆ. ಆಸುಸ್‌ನ ರಾಗ್ ಅಲೈ 2023ರ ಜುಲೈನಲ್ಲಿ 69,990 ರೂಪಾಯಿಗೆ ಬಂತು. ನಿಂಟೆಂಡೊ ಸ್ವಿಚ್‌ಗೆ ಮಾತ್ರ ಇಲ್ಲಿ ಕಂಪನಿಯ ಅಧಿಕೃತ ಬಿಡುಗಡೆಯೇ ಆಗಲಿಲ್ಲ. ಮುಂಬಯಿ, ಬೆಂಗಳೂರುಗಳ ಆಮದುದಾರರ ಮೂಲಕ ಬಂದ ಮಾಲಿಗೆ ಹೊರಗೆ ಗೊತ್ತಾದ ಬೆಲೆಯೂ ಇಲ್ಲ, ಕಂಪನಿಯ ವಾರಂಟಿಯೂ ಇಲ್ಲ. ಪೊಟ್ಟಣದ ಸರಕಿನ ಮೇಲೆ, ಆಮದಿನದಾದರೂ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಮುದ್ರಿಸಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಆ ಚೀಟಿಯಿಲ್ಲದ, ಸುಂಕ ಕಟ್ಟದ ಪೆಟ್ಟಿಗೆ ಉಮಾಸ್ವಾತಿಯ ಪಟ್ಟಿಯ ಮೂರನೆಯ ದೋಷಕ್ಕೆ ನೇರ ಸಿಗುತ್ತದೆ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನೂ ಪಾರಾಗುವುದಿಲ್ಲ.

2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಕಂಪನಿಯೇ ಎರಡು ಬೆಲೆ ಇಟ್ಟಿತು. ಜಪಾನಿ ಭಾಷೆಗೆ ಮಾತ್ರ ಕಟ್ಟಿಹಾಕಿದ ಯಂತ್ರ ಜಪಾನಿನಲ್ಲಿ 49,980 ಯೆನ್, ಹಲವು ಭಾಷೆಯದು 69,980 ಯೆನ್. ಒಳಗಿನ ಯಂತ್ರ ಒಂದೇ. ತುಲಾಧಾರನಿಗೆ ಇದು ಹಿಡಿಸುವುದು ಅನುಮಾನ, ಆದರೆ ಬೆಲೆಯ ಭೇದ ಬಹಿರಂಗವಾಗಿದೆ, ಕಾರಣವೂ ಊಹಿಸಲು ಬರುವಂಥದ್ದು: ಅಗ್ಗದ ಯಂತ್ರ ಹೊರದೇಶಕ್ಕೆ ಹರಿದುಹೋಗದಂತೆ ಕಟ್ಟಿದ ಒಡ್ಡು. ಬಚ್ಚಿಟ್ಟದ್ದೇನೂ ಇಲ್ಲದ ಕಾರಣ ಇದನ್ನು ಅನ್ಯಾಯ ಎನ್ನುವುದು ಕಷ್ಟ. ಜಪಾನಿ ಯಂತ್ರವನ್ನು ಭಾಷೆಯ ಮಾತೆತ್ತದೆ ಇಲ್ಲಿ ಮಾರುವವನ ಕಥೆ ಬೇರೆ.

ಅದೇ ಯಂತ್ರದ ಕೆಲವು ಗೇಮ್‌ಗಳು ‘ಗೇಮ್ ಕೀ ಕಾರ್ಡ್’ ಎಂಬ ರೂಪದಲ್ಲಿ ಬರುತ್ತವೆ. ಅಂಗಡಿಯಲ್ಲಿ ಕೈಗೆ ಸಿಗುವ ಕಾರ್ಡಿನಲ್ಲಿ ಗೇಮ್ ಇರುವುದಿಲ್ಲ, ಅದನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಅನುಮತಿ ಮಾತ್ರ ಇರುತ್ತದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಇದು ಒಂದು ರಾತ್ರಿಯ ಕಾಯುವಿಕೆ. ಖಾನಾಪುರ ಇಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಅಲ್ಲಿಂದ ಮುಂದೆ ಭೀಮಗಡ ಅಭಯಾರಣ್ಯದ ಒಳಗಿನ ಗವಾಳಿ, ಆಮಗಾಂವದಂಥ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದೇ ದುಸ್ತರ. ಅಲ್ಲಿನ ಹುಡುಗನಿಗೆ ನಗರದಲ್ಲಿರುವ ಅಣ್ಣ ದಸರೆಗೆ ಆ ಕಾರ್ಡ್ ತಂದುಕೊಟ್ಟರೆ ಕೊಟ್ಟದ್ದು ಖಾಲಿ ಪ್ಲಾಸ್ಟಿಕ್ಕು. ಡೌನ್‌ಲೋಡ್ ಬೇಕೆಂಬ ಸೂಚನೆ ಪೆಟ್ಟಿಗೆಯ ಮುಖದ ಮೇಲೆ ಮುದ್ರಿತವಾಗಿದೆ, ಕಂಪನಿ ತನ್ನ ಪಾಲಿನದನ್ನು ಹೇಳಿದೆ. ಅದನ್ನು ಕನ್ನಡದಲ್ಲೋ ಮರಾಠಿಯಲ್ಲೋ ಓದಿ ಹೇಳಿ, ಊರಿನಲ್ಲಿ ನೆಟ್‌ವರ್ಕ್ ಇದೆಯೇ ಎಂದು ಕೇಳಿ, ಆಮೇಲೆ ದುಡ್ಡು ಎಣಿಸಿಕೊಳ್ಳಬೇಕಾದವನು ಬೆಳಗಾವಿಯ ಅಂಗಡಿಕಾರ.